ಶಿವರಾತ್ರಿಯಿಂದ ಯುಗಾದಿಯವರೆಗೆ: ಬಿಸಿಲನ್ನು ಅನುಸರಿಸಿ ಮನೆಗೆಲಸ

ಮಾಘ ಮಾಸದ ಕೊನೆಗೆ ಮಹಾಶಿವರಾತ್ರಿ ಬಂದಿತೆಂದರೆ ಚಳಿ ‘ಶಿವ ಶಿವಾ’ ಎನ್ನುತ್ತಾ ಹೊರಟುಹೋಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅಲ್ಲಿಂದ ಚೈತ್ರ ಶುದ್ಧ ಪಾಡ್ಯದ ಯುಗಾದಿಗೆ ಒಂದು ತಿಂಗಳು ಎರಡು ದಿನಗಳಷ್ಟು ಅಂತರವಿರುತ್ತದೆ. 2025ರಲ್ಲಿ ಶಿವರಾತ್ರಿ ಫೆಬ್ರವರಿ 26ಕ್ಕೂ ಯುಗಾದಿ ಮಾರ್ಚ್ 30ಕ್ಕೂ ಬಂದವು; 2026ರಲ್ಲಿ ಅವೇ ಹಬ್ಬಗಳು ಫೆಬ್ರವರಿ 15 ಮತ್ತು ಮಾರ್ಚ್ 19ಕ್ಕೆ ಬಿದ್ದವು. ಬಯಲುಸೀಮೆಯ ಮನೆಗಳಿಗೆ ವರ್ಷದಲ್ಲಿ ಇದಕ್ಕಿಂತ ಅನುಕೂಲವಾದ ಇನ್ನೊಂದು ತಿಂಗಳು ಇಲ್ಲ. ಸಂಕ್ರಾಂತಿಯ ದಿನಗಳಲ್ಲಿ ಬೆಳಗ್ಗೆ ಒಂಬತ್ತರವರೆಗೂ ತಾರಸಿಯನ್ನು ಒದ್ದೆಯಾಗಿಡುತ್ತಿದ್ದ ಇಬ್ಬನಿ ಈ ವೇಳೆಗೆ ನಿಂತಿರುತ್ತದೆ, ಗಾಳಿಯಲ್ಲಿನ ತೇವ ವರ್ಷದಲ್ಲೇ ಅತ್ಯಂತ ಕಡಿಮೆಯಿರುತ್ತದೆ, ಬಿಸಿಲು ಚುರುಕಾಗಿದ್ದರೂ ಏಪ್ರಿಲ್ ತಿಂಗಳಿನಷ್ಟು ಸುಡುವುದಿಲ್ಲ. ಏಪ್ರಿಲ್ ನಡುವಿನಲ್ಲಿ ಅಶ್ವಿನಿ ಮಳೆ, ಅದರ ಬೆನ್ನಿಗೇ ಭರಣಿ ಮಳೆ ಕಾಲಿಟ್ಟ ಮೇಲೆ ಮಧ್ಯಾಹ್ನ ಒಣಹಾಕಿದ್ದನ್ನು ಸಂಜೆ ಓಡಿಹೋಗಿ ಎತ್ತಬೇಕಾಗುತ್ತದೆ. ಆದ್ದರಿಂದ ಬಿಸಿಲು ಬೇಡುವ ಮನೆಗೆಲಸಗಳೆಲ್ಲವನ್ನೂ ಈ ಅವಧಿಯೊಳಗೆ, ಒಂದು ಕ್ರಮದಲ್ಲಿ ಮುಗಿಸಿಕೊಳ್ಳುವುದು ಜಾಣತನ.

ಈ ಕ್ರಮಕ್ಕೆ ಕಾರಣಗಳಿವೆ. ಮೊದಲು ಹಾಸಿಗೆ ಹೊದಿಕೆಗಳನ್ನು ಬಿಸಿಲಿಗೆ ಹಾಕಬೇಕು, ಏಕೆಂದರೆ ಅವನ್ನು ಕೊಡವುವಾಗ ಏಳುವ ಧೂಳು ತಿನ್ನುವ ಪದಾರ್ಥಗಳ ಮೇಲೆ ಕೂರಬಾರದು. ಆನಂತರ ಬೇಳೆಕಾಳು ಮತ್ತು ಹುಣಸೆಹಣ್ಣು, ಅದಾದ ಮೇಲೆ ಹಪ್ಪಳ ಸಂಡಿಗೆ, ಕೊನೆಗೆ ಮೆಣಸಿನಕಾಯಿ. ಮೆಣಸಿನಕಾಯಿ ಒಣಗಿಸಿದ ಬಟ್ಟೆಯಲ್ಲಿಯೂ ಜಾಗದಲ್ಲಿಯೂ ಘಾಟು ಹಲವು ದಿನ ಉಳಿಯುವುದರಿಂದ ಅದು ಕೊನೆಯ ಸರದಿಗೇ ಸರಿ. ಇವೆಲ್ಲ ಮುಗಿದು ಡಬ್ಬಿ ಜಾಡಿಗಳು ಅಟ್ಟ ಸೇರಿದ ಮೇಲೆ ಯುಗಾದಿಗೆ ಮನೆ ತೊಳೆಯಲು ಕೈ ಹಚ್ಚಬೇಕು. ಈ ಕೆಲಸಗಳೆಲ್ಲ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳ ಕಾಲಕ್ಕೇ ಬರುವುದರಿಂದ ಎಲ್ಲವನ್ನೂ ಗೃಹಿಣಿಯೊಬ್ಬಳ ತಲೆಗೆ ಕಟ್ಟುವುದು ಅನ್ಯಾಯ. ಭಾರ ಎತ್ತುವುದು, ತಾರಸಿ ಗುಡಿಸಿ ಒರೆಸುವುದು, ಸಂಜೆ ಎಲ್ಲವನ್ನೂ ಒಳಗೆ ತರುವುದು ಮನೆಯ ಗಂಡಸರ ಪಾಲಿಗೆ ಇರಲಿ. ಪರೀಕ್ಷೆಯಿಲ್ಲದ ಮಕ್ಕಳು ಕಾಗೆ, ಅಳಿಲುಗಳಿಂದ ಸಂಡಿಗೆ ಕಾಯಲಿ. ಮೊದಲ ಭಾನುವಾರವೇ ಎಲ್ಲರೂ ಕುಳಿತು ಯಾರ ಕೆಲಸ ಯಾವುದು ಎಂದು ಮಾತಾಡಿಕೊಂಡರೆ ಮುಂದೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಒಂದು ಸಂಗತಿಯನ್ನು ಗಮನಿಸಬೇಕು. ಫೆಬ್ರವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣ ದಿಕ್ಕಿನ ಬಾಲ್ಕನಿಯ ಒಳಗಿನವರೆಗೂ ಬಿಸಿಲು ಬರುತ್ತದೆ. ಮಾರ್ಚ್ ಕಳೆಯುತ್ತಾ ಸೂರ್ಯ ನೆತ್ತಿಯ ಕಡೆಗೆ ಏರಿದಂತೆ ಆ ಬಿಸಿಲು ಕಂಬಿಯ ಅಂಚಿಗೆ ಸರಿದು, ಏಪ್ರಿಲ್ ಕೊನೆಗೆ ಇಲ್ಲವೇ ಇಲ್ಲ ಎನ್ನುವಂತಾಗುತ್ತದೆ. ಹಾಗಾಗಿ ತಾರಸಿಯ ಅನುಕೂಲವಿಲ್ಲದ ಮನೆಯವರು ಶಿವರಾತ್ರಿಗೆ ಒಂದು ವಾರ ಮೊದಲೇ ಪ್ರಾರಂಭಿಸುವುದು ಒಳ್ಳೆಯದು.

ಹಾಸಿಗೆ, ಹೊದಿಕೆ, ಉಣ್ಣೆಬಟ್ಟೆ

ಚಳಿ ಕಡಿಮೆಯಾಯಿತೆಂದು ಎಲ್ಲ ಹೊದಿಕೆಗಳನ್ನೂ ಒಂದೇ ದಿನ ಒಳಗಿಡಬಾರದು. ಹಾಸನ, ಚಿಕ್ಕಮಗಳೂರಿನ ಕಡೆ ಮಾರ್ಚ್ ನಡುವಿನವರೆಗೂ ಬೆಳಗಿನ ಜಾವದ ಚಳಿ ಉಳಿದಿರುತ್ತದೆ; ಮಕ್ಕಳಿಗೂ ವಯಸ್ಸಾದವರಿಗೂ ತಲಾ ಒಂದು ಹೊದಿಕೆ ಹೊರಗಿರಲಿ. ಉಳಿದವುಗಳನ್ನು ಎತ್ತಿಡುವ ಮುನ್ನ ಒಂದು ನಿಯಮವನ್ನು ಪಾಲಿಸಿದರೆ ಸಾಕು: ಮೈಗೆ ತಗುಲಿದ ಯಾವ ಉಣ್ಣೆಬಟ್ಟೆಯನ್ನೂ ತೊಳೆಯದೆ ಪೆಟ್ಟಿಗೆಗೆ ಹಾಕಬೇಡಿ. ಉಣ್ಣೆಯನ್ನು ತಿನ್ನುವುದು ನುಸಿಯ ಮರಿಹುಳು. ಬೆವರು, ಎಣ್ಣೆ, ತಿಂಡಿಯ ಕಲೆಗಳಿರುವ ಬಟ್ಟೆಯೆಂದರೆ ಅದಕ್ಕೆ ಪ್ರೀತಿ. ಚೆನ್ನಾಗಿ ತೊಳೆದು ಒಣಗಿಸಿದ ಉಣ್ಣೆಗೆ ಅದರ ಕಾಟ ಬಹಳ ಕಡಿಮೆ.

ಸ್ವೆಟರ್, ಶಾಲು, ಟೊಪ್ಪಿಗಳನ್ನು ತಣ್ಣೀರಿನಲ್ಲಿ, ಅಂಟವಾಳಕಾಯಿ ನೆನೆಸಿದ ನೀರಿನಲ್ಲಾಗಲಿ ಒಂದಿಷ್ಟು ಶಾಂಪೂ ಬೆರೆಸಿದ ನೀರಿನಲ್ಲಾಗಲಿ ಹತ್ತು ನಿಮಿಷ ನೆನೆಸಿ, ಅಂಗೈಯಿಂದ ಮೆಲ್ಲಗೆ ಒತ್ತಿ ತೊಳೆಯಬೇಕು. ಹಿಂಡಬಾರದು. ಒಣ ಟವೆಲಿನ ಮೇಲೆ ಹರಡಿ, ಟವೆಲಿನ ಸಮೇತ ಸುರುಳಿ ಸುತ್ತಿ ಒತ್ತಿದರೆ ನೀರು ಇಳಿಯುತ್ತದೆ. ಹಗ್ಗಕ್ಕೆ ನೇತುಹಾಕಿದರೆ ಒದ್ದೆಯ ಭಾರಕ್ಕೆ ಉದ್ದವಾಗಿ ಜೋಲುವುದರಿಂದ ಚಾಪೆಯ ಮೇಲೆ ನೆರಳಿನಲ್ಲಿ ಹರಡಿ ಒಣಗಿಸಬೇಕು. ಚಳ್ಳಕೆರೆಯ ಕಡೆಯಿಂದ ಬರುವಂತಹ ಕುರಿಯುಣ್ಣೆಯ ಕರಿಕಂಬಳಿಯನ್ನು ಮಾತ್ರ ಪ್ರತಿವರ್ಷ ನೀರಿಗೆ ಹಾಕುವ ಅಗತ್ಯವಿಲ್ಲ. ಬೆತ್ತದಿಂದ ಬಡಿದು ಧೂಳು ಕೆಡವಿ, ಎರಡೂ ಮಗ್ಗುಲಿಗೆ ಒಂದೊಂದು ದಿನ ಬಿಸಿಲು ತೋರಿಸಿದರೆ ಸಾಕು. ಉತ್ತರ ಕರ್ನಾಟಕದ ಮನೆಗಳ ಕೌದಿಗೆ ಬೇರೆ ಎಚ್ಚರಿಕೆ ಬೇಕು. ಹಳೆಯ ಸೀರೆ, ಧೋತರಗಳ ಹಲವು ಪದರಗಳನ್ನು ಸೇರಿಸಿ ಹೊಲಿದ ಕೌದಿ ಮೇಲೆ ಗರಿಗರಿಯಾಗಿ ಒಣಗಿದ್ದರೂ ಒಳಪದರದಲ್ಲಿ ಹಸಿ ಉಳಿದಿರುತ್ತದೆ. ನಡುಭಾಗವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ನೋಡಿ. ಸ್ವಲ್ಪವಾದರೂ ತಂಪು ತಗುಲಿದರೆ ಇನ್ನೊಂದು ದಿನದ ಬಿಸಿಲು ಬೇಕೆಂದು ಅರ್ಥ.

ನುಸಿಗುಳಿಗೆ ಹಾಕುವ ಮನೆಗಳು ಬಹಳವಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ನ್ಯಾಫ್ತಲೀನ್ ಗುಳಿಗೆ ವಿಷ. ಮಿಠಾಯಿಯಂತೆ ಕಾಣುವ ಅದನ್ನು ಮಕ್ಕಳ ಕೈಗೆ ಎಂದಿಗೂ ಸಿಗದಂತೆ ಇಡಬೇಕು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಿಗೆ ಆ ಗುಳಿಗೆಯ ಜೊತೆಗಿಟ್ಟ ಬಟ್ಟೆ, ಹೊದಿಕೆಗಳಿಂದಲೂ ಕೆಂಪು ರಕ್ತಕಣಗಳು ಒಡೆದು ಅಪಾಯವಾಗಬಹುದು. ಹಸುಗೂಸುಗಳ ಬಟ್ಟೆಗೆ ಅದನ್ನು ಬಳಸಲೇಬೇಡಿ. ನೆರಳಿನಲ್ಲಿ ಒಣಗಿಸಿದ ಬೇವಿನೆಲೆ, ಬಜೆಬೇರು ಅಥವಾ ಲಾವಂಚವನ್ನು ತೆಳುಬಟ್ಟೆಯಲ್ಲಿ ಕಟ್ಟಿ ಇಡುವ ಹಳೆಯ ಪದ್ಧತಿಯೇ ನನಗೆ ಹಿತವೆನಿಸುತ್ತದೆ, ಆದರೆ ಅವುಗಳನ್ನು ನಂಬಿ ಕೊಳಕು ಬಟ್ಟೆ ಎತ್ತಿಟ್ಟರೆ ಅವೂ ಕಾಪಾಡಲಾರವು. ಪೆಟ್ಟಿಗೆ ತೆರೆದಾಗಲೇ ರೇಷ್ಮೆ ಸೀರೆಗಳನ್ನೂ ಹೊರತೆಗೆದು ನೆರಳಿನಲ್ಲಿ ಗಾಳಿಯಾಡಿಸಿ, ಮಡಿಕೆಯ ಗೆರೆ ಬದಲಿಸಿ, ತೊಳೆದ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟ ಜರಿ ಅಲ್ಲಿಯೇ ಸೀಳುತ್ತದೆ.

ಬೇಳೆಕಾಳು ಮತ್ತು ಹುಣಸೆಹಣ್ಣು

ತೊಗರಿ ಕೊಯ್ಲು ಡಿಸೆಂಬರಿನಿಂದ ಆರಂಭವಾಗುವುದರಿಂದ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿಯ ಹೊಸ ಬೇಳೆ ಈ ವೇಳೆಗೆ ಅಂಗಡಿಗಳಿಗೆ ಬಂದಿರುತ್ತದೆ. ಚಿಕ್ಕ ಮನೆಗಳಿಗೆ ವರ್ಷಕ್ಕಾಗುವಷ್ಟು ಬೇಳೆ ಕೊಳ್ಳಿರೆಂದು ಹೇಳಲಾರೆ. ಆರು ತಿಂಗಳಿಗೆ ಸಾಕಾಗುವಷ್ಟು, ಅಂದರೆ ಮಳೆಗಾಲ ದಾಟುವಷ್ಟು ತಂದಿಟ್ಟುಕೊಂಡರೆ ಹೇರಳವಾಯಿತು. ಬೇಳೆಯನ್ನು ಆರಿಸಿ, ಕೇರಿ, ತೆಳ್ಳಗೆ ಹರಡಿ ಎರಡು ದಿನ ಬಿಸಿಲಿನಲ್ಲಿಡಬೇಕು. ಇಲ್ಲಿ ಅನೇಕರು ಮರೆಯುವ ಸಂಗತಿಯೊಂದಿದೆ. ಬಿಸಿಲಿನಿಂದ ತಂದ ಬೇಳೆಯನ್ನು ಬಿಸಿಯಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗಿನ ಆವಿ ರಾತ್ರಿಯ ತಂಪಿಗೆ ಮುಚ್ಚಳದ ಕೆಳಗೆ ಹನಿಗಟ್ಟುತ್ತದೆ, ಅದೇ ಹನಿ ಬೇಳೆಯ ಮೇಲೆ ಬಿದ್ದು ಬೂಷ್ಟು ಹಿಡಿಯುತ್ತದೆ. ಮನೆಯೊಳಗೆ ಹರಡಿ, ಮುಟ್ಟಿದರೆ ಪೂರಾ ತಣ್ಣಗಾಗಿದೆ ಎನಿಸಿದ ಮೇಲೆಯೇ ತುಂಬಿ. ಕಿಲೋ ಬೇಳೆಗೆ ಒಂದು ಚಮಚ ಹರಳೆಣ್ಣೆಯನ್ನು ಅಂಗೈಗೆ ಸವರಿಕೊಂಡು ಉಜ್ಜಿಟ್ಟರೆ ಹುಳು ಮೊಟ್ಟೆಯಿಡುವುದು ಕಡಿಮೆಯಾಗುತ್ತದೆ; ಬೇಯಿಸುವ ಮುನ್ನ ಬಿಸಿನೀರಿನಲ್ಲಿ ತೊಳೆದರಾಯಿತು.

ಅಕ್ಕಿಯ ವಿಷಯ ಇದಕ್ಕೆ ವಿರುದ್ಧ. ಚುರುಕು ಬಿಸಿಲಿಗೆ ಹಾಕಿದ ಅಕ್ಕಿ ಬಿರುಕುಬಿಟ್ಟು, ಅನ್ನ ಮಾಡಿದಾಗ ನುಚ್ಚುನುಚ್ಚಾಗುತ್ತದೆ. ಅದನ್ನು ನೆರಳಿನಲ್ಲಿ ಗಾಳಿಗೆ ಹರಡಬೇಕು. ಬೋರಿಕ್ ಪುಡಿಯನ್ನು ಅಕ್ಕಿಗೆ ಬೆರೆಸುವ ರೂಢಿಯನ್ನು ದಯವಿಟ್ಟು ಬಿಡಬೇಕು, ಎಷ್ಟು ತೊಳೆದರೂ ಅದು ಊಟದ ಜೊತೆ ಇರಬೇಕಾದ ವಸ್ತುವಲ್ಲ. ಒಣ ಬೇವಿನೆಲೆ ಮತ್ತು ಗಾಳಿಯಾಡದ ಡಬ್ಬಿ ಇವೆರಡೇ ಸಾಕು.

ತುಮಕೂರಿನ ಮಾರುಕಟ್ಟೆಗೆ ಹೊಸ ಹುಣಸೆಹಣ್ಣು ರಾಶಿರಾಶಿಯಾಗಿ ಬರುವುದೂ ಇದೇ ಕಾಲದಲ್ಲಿ. ಬೀಜ, ನಾರು ಬಿಡಿಸದ ಹಣ್ಣು ಅಗ್ಗ, ಬಿಡಿಸಿದ್ದು ತುಟ್ಟಿ. ಸಂಜೆಯ ಹೊತ್ತು ಮನೆಮಂದಿಯೆಲ್ಲ ಕೂತು ಬಿಡಿಸುವುದಾದರೆ ಬಿಡಿಸದ ಹಣ್ಣನ್ನೇ ಕೊಳ್ಳಬಹುದು. ಬಿಡಿಸಿದ ಹಣ್ಣನ್ನು ಎರಡು ದಿನ ಒಣಗಿಸಿ, ಕಿಲೋಗೆ ಒಂದು ಹಿಡಿ ಕಲ್ಲುಪ್ಪು ಬೆರೆಸಿ, ಮುದ್ದೆ ಕಟ್ಟಿ ಪಿಂಗಾಣಿ ಜಾಡಿಯಲ್ಲಿ ಒತ್ತಿ ತುಂಬಬೇಕು. ಹುಳಿ ಲೋಹವನ್ನು ತಿನ್ನುವುದರಿಂದ ತಗಡಿನ ಡಬ್ಬಿ, ಅಲ್ಯೂಮಿನಿಯಂ ಪಾತ್ರೆ ಇದಕ್ಕೆ ಆಗದು. ತಿಂಗಳು ಕಳೆದಂತೆ ಹಣ್ಣಿನ ಬಣ್ಣ ಕಪ್ಪಾಗುತ್ತದೆ, ಅದು ಕೆಟ್ಟ ಲಕ್ಷಣವಲ್ಲ.

ಸಂಡಿಗೆಯ ದಿನ

ಈ ಕಾಲದ ಕೆಲಸಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಂಡಿಗೆಗೆ ವಾರದ ನಡುವಿನ ದಿನ ಬೇಡ. ಶನಿವಾರ ಬೆಳಗ್ಗೆ ಇಟ್ಟರೆ ಭಾನುವಾರ ತಿರುವಿಹಾಕಲು ಎಲ್ಲರೂ ಮನೆಯಲ್ಲಿರುತ್ತಾರೆ, ಮೂರನೆಯ ದಿನದ ಒಣಗು ತಾನಾಗಿಯೇ ಆಗುತ್ತದೆ.

ಮೊದಲ ಸಲ ಮಾಡುವವರು ಅಕ್ಕಿ ಸಂಡಿಗೆಯಿಂದ ಪ್ರಾರಂಭಿಸಲಿ. ಒಂದು ಪಾವು ಅಕ್ಕಿಯನ್ನು ಹಿಂದಿನ ರಾತ್ರಿ ತೊಳೆದು ನೆನೆಹಾಕಿ. ಬೆಳಗ್ಗೆ ಐದೂವರೆಗೆ ಎದ್ದು ಬೆರಳಿಗೆ ತರಿ ಸಿಗದಂತೆ ನುಣ್ಣಗೆ ರುಬ್ಬಿಕೊಳ್ಳಿ. ರುಬ್ಬಲು ಹಾಕಿದ ನೀರೂ ಸೇರಿ ಒಟ್ಟು ಐದು ಪಾವು ನೀರು ಲೆಕ್ಕ. ದಪ್ಪ ತಳದ ಪಾತ್ರೆಯಲ್ಲಿ ಉಳಿದ ನೀರನ್ನು ಕುದಿಸಿ, ಅದಕ್ಕೆ ಹಸಿಮೆಣಸಿನಕಾಯಿ, ಜೀರಿಗೆ, ಇಂಗು ಅರೆದ ಮಿಶ್ರಣ ಮತ್ತು ಉಪ್ಪು ಹಾಕಿ, ಹಿಟ್ಟನ್ನು ಸಣ್ಣ ಧಾರೆಯಾಗಿ ಸುರಿಯುತ್ತಾ ಒಬ್ಬರು ಬಿಡದೆ ತಿರುವುತ್ತಿರಬೇಕು. ಇಲ್ಲಿ ಎರಡು ಕೈಗಳು ಸಾಲವು, ಸುರಿಯುವವರೊಬ್ಬರು ತಿರುವುವವರೊಬ್ಬರು ಇರಲೇಬೇಕು. ಉಪ್ಪನ್ನು ಹಿಟ್ಟಿನ ರುಚಿಗೆ ಸ್ವಲ್ಪ ಸಪ್ಪೆಯೆನಿಸುವಷ್ಟೇ ಹಾಕಿ. ನೀರೆಲ್ಲ ಆರಿ ಸಂಡಿಗೆ ಕುಗ್ಗಿದಾಗ ಆ ಉಪ್ಪೇ ಸರಿಯಾಗುತ್ತದೆ. ಉರಿ ಸಣ್ಣದು ಮಾಡಿದ ಮೇಲೆ ಹಿಟ್ಟಿನ ಬಿಳುಪು ಹೋಗಿ ಹೊಳಪು ಬರುತ್ತದೆ, ಸೌಟಿನಿಂದ ಎತ್ತಿ ಬಿಟ್ಟರೆ ಹನಿಹನಿಯಾಗಿ ಬೀಳದೆ ಅಗಲವಾದ ಪಟ್ಟಿಯಂತೆ ಇಳಿಯುತ್ತದೆ. ಬೆರಳನ್ನು ನೀರಿನಲ್ಲಿ ಅದ್ದಿ ಹಿಟ್ಟನ್ನು ಮುಟ್ಟಿ ನೋಡಿ, ಅಂಟದಿದ್ದರೆ ಬೆಂದಿದೆ. ಬೇಯದ ಹಿಟ್ಟಿನ ಸಂಡಿಗೆ ಒಣಗುವಾಗ ಬಿರುಕುಬಿಡುತ್ತದೆ, ಕರಿದರೆ ಅರಳುವುದಿಲ್ಲ. ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಸೇರಿಸಿ.

ತಾರಸಿಯನ್ನು ಹಿಂದಿನ ಸಂಜೆಯೇ ತೊಳೆದಿರಬೇಕು. ಚಾಪೆಯ ಮೇಲೆ ಹಳೆಯ ಬಿಳಿ ಪಂಚೆಯನ್ನು ಒದ್ದೆ ಮಾಡಿ ಹಿಂಡಿ ಬಿಗಿಯಾಗಿ ಹಾಸಿ, ನಾಲ್ಕೂ ಮೂಲೆಗೆ ಕಲ್ಲಿಟ್ಟು, ಹಿಟ್ಟು ಬಿಸಿಯಿರುವಾಗಲೇ ಚಮಚದಿಂದ ಇಡುತ್ತಾ ಹೋಗಿ. ಚಕ್ಕುಲಿ ಒರಳಿನಲ್ಲಿ ಒತ್ತಬೇಕೆನ್ನುವವರು ನೀರನ್ನು ಅರ್ಧ ಪಾವು ಕಡಿಮೆ ಮಾಡಿಕೊಳ್ಳಬೇಕು. ಪ್ಲಾಸ್ಟಿಕ್ ಹಾಳೆಯ ಮೇಲೆ ಇಟ್ಟರೆ ಸಂಡಿಗೆ ಸುಲಭವಾಗಿ ಏಳುತ್ತದೆ ನಿಜ, ಆದರೆ ಕುದಿಯುವ ಹಿಟ್ಟನ್ನು ತೆಳು ಪ್ಲಾಸ್ಟಿಕ್ಕಿನ ಮೇಲೆ ಸುರಿಯುವುದು ನನಗೆ ಸಮ್ಮತವಲ್ಲ. ಬಟ್ಟೆಯ ಮೇಲೆ ಒಣಗಿದ್ದನ್ನು ಬಿಡಿಸುವುದೂ ಕಷ್ಟವೇನಲ್ಲ: ಸಂಜೆ ಬಟ್ಟೆಯನ್ನು ಮಗುಚಿ, ಹಿಂಬದಿಗೆ ನೀರು ಚಿಮುಕಿಸಿ ಎರಡು ನಿಮಿಷ ಬಿಟ್ಟರೆ ಒಂದೊಂದಾಗಿ ಕಳಚಿ ಬರುತ್ತವೆ. ರಾತ್ರಿ ಅವನ್ನು ಹೊರಗೆ ಬಿಡದೆ ಮೊರದಲ್ಲಿ ಹರಡಿ ಫ್ಯಾನಿನ ಕೆಳಗಿಡಿ, ಮರುದಿನ ಹಸಿಯಿದ್ದ ಮಗ್ಗುಲನ್ನು ಬಿಸಿಲಿಗೆ ತಿರುಗಿಸಿ. ಒಣಗಿದ ಸಂಡಿಗೆಯನ್ನು ಮುರಿದರೆ ಬಾಗದೆ ಟಪ್ಪೆಂದು ತುಂಡಾಗಬೇಕು. ಒಂದೆರಡನ್ನು ಕರಿದು ನೋಡಿ, ನಡುವೆ ಗಟ್ಟಿ ಗಂಟು ಉಳಿದರೆ ಇನ್ನೂ ಒಂದು ದಿನ ಬೇಕು.

ಸಾಬಕ್ಕಿ ಸಂಡಿಗೆಯೂ ಇದೇ ವಿಧಾನ. ಕಾಳುಗಳು ಪಾರದರ್ಶಕವಾಗುವವರೆಗೆ ಬೇಯಿಸುವುದಷ್ಟೇ ವ್ಯತ್ಯಾಸ. ಅರಳು ಸಂಡಿಗೆಗೆ ಭತ್ತದ ಅರಳನ್ನು ನೀರಿನಲ್ಲಿ ಅದ್ದಿ ತಕ್ಷಣ ಹಿಂಡಿ, ತುರಿದು ಹಿಂಡಿದ ಬೂದುಗುಂಬಳ ಮತ್ತು ಅರೆದ ಮೆಣಸಿನಕಾಯಿಯೊಡನೆ ಕಲಸಿ ಉಂಡೆಯಂತೆ ಇಡಬೇಕು. ಬಾಳಕದ ಮೆಣಸಿನಕಾಯಿಗೆ ತಾಳ್ಮೆ ಬೇಕು. ಖಾರ ಕಡಿಮೆಯಿರುವ ದಪ್ಪ ಹಸಿಮೆಣಸಿನಕಾಯಿಯನ್ನು ತೊಟ್ಟು ತೆಗೆಯದೆ ಸೀಳಿ, ಉಪ್ಪು ಮತ್ತು ಮೆಂತ್ಯದ ಪುಡಿ ಬೆರೆಸಿದ ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಹಗಲು ಒಣಗಿಸಿ ರಾತ್ರಿ ಅದೇ ಮಜ್ಜಿಗೆಗೆ ಮರಳಿ ಹಾಕುತ್ತಾ, ಮಜ್ಜಿಗೆಯೆಲ್ಲ ಹೀರಿಹೋಗುವವರೆಗೆ ಮುಂದುವರಿಸಬೇಕು. ಒಂದು ವಾರ ಬಿಸಿಲು ಸಿಗುವ ಖಾತ್ರಿಯಿಲ್ಲದಿದ್ದರೆ ಇದಕ್ಕೆ ಕೈಹಾಕಬೇಡಿ.

ಕೊನೆಯ ಸರದಿ ಒಣಮೆಣಸಿನಕಾಯಿಯದು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಎರಡನ್ನೂ ತರುವ ರೂಢಿ ಒಳ್ಳೆಯದು. ಸಾರಿನ ಪುಡಿ ಮಾಡಿಸುವ ದಿನದವರೆಗೆ ತೊಟ್ಟು ಇರಲಿ. ತೊಟ್ಟು ಕಿತ್ತರೆ ಆ ತೂತಿನಿಂದ ತೇವವೂ ಹುಳವೂ ಒಳಸೇರುತ್ತವೆ.

ಊಟ ಬದಲಾಗುವ ಬಗೆ

ಅವರೆಕಾಯಿಯ ಸುಗ್ಗಿ ಮುಗಿಯುತ್ತಿರುವಂತೆಯೇ ಅಡುಗೆಮನೆಯ ಧೋರಣೆಯೂ ಬದಲಾಗಬೇಕು. ಸಂಕ್ರಾಂತಿಯ ಎಳ್ಳು, ಬೆಲ್ಲ, ಕೊಬ್ಬರಿ ಚಳಿಗೆ ಹಿತವಾಗಿದ್ದವು. ಈಗ ಕೋಸಂಬರಿ, ನೀರುಮಜ್ಜಿಗೆ, ಸೌತೆಕಾಯಿ, ರಾಗಿ ಅಂಬಲಿಗಳ ಸರದಿ. ಪರೀಕ್ಷೆಗೆ ಓದುವ ಮಕ್ಕಳು ಬಾಯಾರಿಕೆಯನ್ನು ಮರೆಯುವುದರಿಂದ ಅವರ ಮೇಜಿನ ಮೇಲೆ ನೀರಿನ ತಂಬಿಗೆ ಇರುವಂತೆ ನೋಡಿಕೊಳ್ಳಿ. ಮಲೆನಾಡಿನ ಮಾವಿನ ಮಿಡಿ ಪೇಟೆಗೆ ಬರುವುದೂ ಈ ದಿನಗಳಲ್ಲೇ; ಉಪ್ಪಿನಕಾಯಿಗೆ ತೊಟ್ಟು ಸಮೇತವಿರುವ, ಸೊನೆ ಹೋಗದ ಮಿಡಿಗಳನ್ನೇ ಆರಿಸಿ ಕಲ್ಲುಪ್ಪಿನಲ್ಲಿ ಹಾಕಿಡಿ.

ಚಳಿ ಕಳೆದು ಸೆಕೆ ಏರುವ ಈ ಸಂಧಿಕಾಲದಲ್ಲಿ ಮಕ್ಕಳಿಗೆ ‘ಅಮ್ಮ’ ಬರುವುದು, ಅಂದರೆ ಸೀತಾಳೆ ಸಿಡುಬು ತಗುಲುವುದು ಹೆಚ್ಚು. ಬಂದರೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆಗಟ್ಟುವವರೆಗೆ ಮಗುವನ್ನು ಶಾಲೆಗೆ ಕಳುಹಿಸಬಾರದು, ಗರ್ಭಿಣಿಯರಿಂದ ದೂರವಿರಿಸಬೇಕು, ಜ್ವರಕ್ಕೆ ಆಸ್ಪಿರಿನ್ ಕೊಡಬಾರದು. ಬೇವಿನೆಲೆಯ ಉಪಚಾರ ನಡೆಯಲಿ, ಅದರ ಜೊತೆಗೆ ವೈದ್ಯರಿಗೂ ತೋರಿಸಿ. ಮಲೆನಾಡಿನವರಿಗೆ ಇನ್ನೊಂದು ಎಚ್ಚರಿಕೆ ಅತ್ಯಗತ್ಯ. ಕೊಟ್ಟಿಗೆಗೆ ದರಗು ತರಲು ಕಾಡಿಗೆ ಹೋಗುವ ಈ ತಿಂಗಳುಗಳೇ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಉಣುಗುಗಳಿಂದ ಹರಡುತ್ತದೆ. ಆರೋಗ್ಯ ಇಲಾಖೆ ಕೊಡುವ ತೈಲವನ್ನು ಕೈಕಾಲಿಗೆ ಸವರಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗಬೇಕು. ಮರಳಿದ ಕೂಡಲೇ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು.

ಯುಗಾದಿಯ ಹಿಂದಿನ ವಾರ

ಮನೆ ತೊಳೆಯುವ ಕೆಲಸವನ್ನು ಮೇಲಿನಿಂದ ಕೆಳಕ್ಕೆ ಮಾಡಬೇಕು: ಜೇಡರಬಲೆ, ಫ್ಯಾನು, ಅಟ್ಟ, ಕಿಟಕಿ, ಕೊನೆಗೆ ನೆಲ. ನೀರಿನ ತೊಟ್ಟಿ ಮತ್ತು ಸಂಪನ್ನು ಇದಕ್ಕೂ ಮುಂಚೆ, ನೀರಿನ ಕೊರತೆ ತಲೆದೋರುವ ಮೊದಲೇ ತೊಳೆಸಿಬಿಡಿ. ತಳದಲ್ಲಿ ಉಳಿದ ನೀರನ್ನು ಚರಂಡಿಗೆ ಬಿಡದೆ ಅಂಗಳ, ತಾರಸಿ ತೊಳೆಯಲು ಬಳಸಿಕೊಳ್ಳಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವವರಿಗೆ 5,000 ರೂಪಾಯಿ ದಂಡ ವಿಧಿಸುವಂತಹ ಪರಿಸ್ಥಿತಿ ಬಂದಿತ್ತು. ಬೇಳೆ ಅಕ್ಕಿ ತೊಳೆದ ನೀರನ್ನು ಗಿಡಗಳಿಗೆ ಹಾಕುವ ಅಭ್ಯಾಸವನ್ನು ಈಗಿನಿಂದಲೇ ರೂಢಿಸಿಕೊಂಡರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಅದು ಕಷ್ಟವೆನಿಸುವುದಿಲ್ಲ.

ಕುಡಿಯುವ ನೀರಿಗೆ ಹೊಸ ಮಣ್ಣಿನ ಗಡಿಗೆ ತರುವುದಾದರೆ ಬೆರಳಿನಿಂದ ತಟ್ಟಿ ನೋಡಿ ಕೊಳ್ಳಿ. ಸೀಳಿಲ್ಲದ, ಚೆನ್ನಾಗಿ ಸುಟ್ಟ ಗಡಿಗೆ ಠಣ್ಣೆನ್ನುತ್ತದೆ, ಬಿರುಕಿದ್ದರೆ ಸದ್ದು ಮಂಕಾಗಿರುತ್ತದೆ. ಒಂದು ದಿನವಿಡೀ ನೀರಿನಲ್ಲಿ ಮುಳುಗಿಸಿಟ್ಟು, ಮೊದಲೆರಡು ಸಲ ತುಂಬಿದ ನೀರನ್ನು ಗಿಡಕ್ಕೆ ಚೆಲ್ಲಿ, ಆಮೇಲೆ ಕುಡಿಯಲು ಬಳಸಿ. ಸೋಪು ಮುಟ್ಟಿಸಬೇಡಿ, ಮಣ್ಣು ಅದರ ವಾಸನೆಯನ್ನು ಹೀರಿಕೊಂಡು ನೀರಿಗೆ ಬಿಡುತ್ತದೆ. ತೆಂಗಿನ ನಾರಿನಿಂದ ಉಜ್ಜಿದರೆ ಸಾಕು. ಗಡಿಗೆಯ ಮೈಯಿಂದ ನೀರು ಆವಿಯಾಗುವಾಗಲೇ ಒಳಗಿನ ನೀರು ತಂಪಾಗುವುದರಿಂದ, ಅದನ್ನು ಮೂಲೆಯಲ್ಲಿ ಅಡಗಿಸದೆ ಗಾಳಿಯಾಡುವ ಕಿಟಕಿಯ ಬಳಿ ಒದ್ದೆ ಮರಳಿನ ಮೇಲೆ ಕೂರಿಸಬೇಕು.

ಬೇವುಬೆಲ್ಲಕ್ಕೆ ಹಬ್ಬದ ಬೆಳಗ್ಗೆ ಹೂವು ಹುಡುಕುವ ಬದಲು, ಬೇವಿನ ಮರವಿರುವವರು ಎರಡು ದಿನ ಮೊದಲೇ ಮರದಡಿ ಹಳೆಯ ಸೀರೆ ಹಾಸಿ ಉದುರಿದ ಹೂಗಳನ್ನು ಕೂಡಿಸಿಕೊಳ್ಳಬಹುದು. ಹಬ್ಬಕ್ಕೆ ಬೇಕಾದಷ್ಟು ತೆಗೆದಿಟ್ಟು, ಉಳಿದದ್ದನ್ನು ನೆರಳಿನಲ್ಲಿ ನಾಲ್ಕು ದಿನ ಒಣಗಿಸಿ ಗಾಜಿನ ಶೀಶೆಗೆ ತುಂಬಿಡಿ. ಬೇಕಾದಾಗ ಒಂದು ಚಮಚ ತುಪ್ಪದಲ್ಲಿ ಕಂದುಬಣ್ಣ ಬರುವವರೆಗೆ ಹುರಿದು, ಇಳಿಸಿದ ಸಾರಿಗೆ ಹಾಕಿ ಮುಚ್ಚಿಟ್ಟರೆ ಬೇವಿನ ಹೂವಿನ ಸಾರು ಸಿದ್ಧವಾಗುತ್ತದೆ.